ಗೆದ್ದರೆ ಕೈಗುಣ, ಸೋತರೆ ಯಾರ ಕಾಲ್ಗುಣ?

ಪ್ರಶ್ನೆ: ನನ್ನ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹತ್ತನೇ ಕ್ಲಾಸಿನ ಮಕ್ಕಳಿಗೆ ನಾಣ್ಯ, ದಾಳ ಇಟ್ಟುಕೊಂಡು ಸಂಭವನೀಯತೆ ಪಾಠ ಮಾಡುತ್ತಾರೆ. ಆದರೆ ಮನೆಯಲ್ಲಿ ಕ್ರಿಕೆಟ್ ನೋಡುವಾಗ ಸೋಫಾದ ಎಡಮೂಲೆಯಲ್ಲೇ ಕೂರಬೇಕು. ಒಂದು ಸಲ ನಾನು ಅಡುಗೆಮನೆಯಲ್ಲಿದ್ದಾಗ ಮೇಲಿಂದ ಮೇಲೆ ಸಿಕ್ಸರ್ ಬಂತು. ಅವತ್ತಿಂದ ಭಾರತದ ಬ್ಯಾಟಿಂಗ್ ಮುಗಿಯುವ ತನಕ ನಾನು ಅಡುಗೆಮನೆ ಬಿಟ್ಟು ಬರುವ ಹಾಗಿಲ್ಲ. ಇಷ್ಟು ದಿನ ನಕ್ಕು ಸುಮ್ಮನಿದ್ದೆ. ಒಂದೂವರೆ ವರ್ಷದಿಂದ ಷೇರುಪೇಟೆಯಲ್ಲಿ ಆಪ್ಷನ್ ಟ್ರೇಡಿಂಗ್ ಶುರು ಮಾಡಿದ್ದಾರೆ. ಮೊದಲ ಎರಡು ತಿಂಗಳು 40 ಸಾವಿರ ಬಂತು. ಈಗ 3 ಲಕ್ಷಕ್ಕಿಂತ ಜಾಸ್ತಿ ಹೋಗಿದೆ. "ಮಾರ್ಕೆಟ್ ನಾಡಿ ಸಿಕ್ಕಿದೆ, ಸ್ವಲ್ಪದರಲ್ಲಿ ತಪ್ಪುತ್ತಿದೆ" ಅನ್ನುತ್ತಾರೆ. ಗಣಪತಿ ಫೋಟೋ ಮುಟ್ಟಿಯೇ ಆರ್ಡರ್ ಹಾಕುತ್ತಾರೆ. ಮೊನ್ನೆ ನಷ್ಟವಾದಾಗ "ಬೆಳಿಗ್ಗೆ ನೀನು ಖಾಲಿ ಬಿಂದಿಗೆ ಹಿಡಿದು ಎದುರಿಗೆ ಬಂದೆಯಲ್ಲ" ಅಂದರು. ಲೆಕ್ಕ ಗೊತ್ತಿದ್ದವರಿಗೂ ಹೀಗಾಗುತ್ತಾ? ಇದು ಮೂಢನಂಬಿಕೆಯಾ, ಚಟವಾ? ನಾನೇನು ಮಾಡಲಿ?
(ಒಬ್ಬ ಓದುಗರು, ತುಮಕೂರು)

ಉತ್ತರ: ಮೊದಲು ನೀವು ಅಡುಗೆಮನೆಯಿಂದ ಹೊರಗೆ ಬನ್ನಿ. ಮುಂದಿನ ಮ್ಯಾಚಿಗೆ ಹಾಲ್‌ನಲ್ಲೇ ಕೂತು ನೋಡಿ. ವಿಕೆಟ್ ಬಿದ್ದರೆ ಬೀಳಲಿ. ಖಾಲಿ ಬಿಂದಿಗೆಯ ಮಾತು ನಿಮಗೆ ಚುಚ್ಚಿದೆ ಅಂತ ಗೊತ್ತಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಅದೇ ಸಾಲು.

ಲೆಕ್ಕ ಗೊತ್ತಿದ್ದವರಿಗೂ ಹೀಗಾಗುತ್ತದೆ. ಪಾಠದ ಪುಸ್ತಕದಲ್ಲಿ ಇರುವುದು ಯಾರದೋ ನಾಣ್ಯ. ಅದನ್ನು ಯಾರು ಚಿಮ್ಮಿದರು, ಅದರ ಮೇಲೆ ಎಷ್ಟು ದುಡ್ಡು ಕಟ್ಟಿದರು ಅನ್ನುವುದು ಲೆಕ್ಕಕ್ಕೆ ಬೇಕಾಗಿಲ್ಲ. ನಾವೇ ಆರಿಸಿ, ನಾವೇ ಚಿಮ್ಮಿ, ನಮ್ಮದೇ ದುಡ್ಡು ಕಟ್ಟಿದಾಗ ಮನಸ್ಸು ಆ ನಾಣ್ಯವನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

1975ರಲ್ಲಿ ಎಲೆನ್ ಲ್ಯಾಂಗರ್ ಅನ್ನುವ ಅಮೆರಿಕದ ಮನೋವಿಜ್ಞಾನಿ ಇದನ್ನು ಬಹಳ ಸರಳವಾಗಿ ತೋರಿಸಿಕೊಟ್ಟರು. ಆಫೀಸುಗಳಲ್ಲಿ ಕೆಲಸ ಮಾಡುವವರಿಗೆ 1 ಡಾಲರಿನ ಲಾಟರಿ ಟಿಕೆಟ್ ಮಾರಿಸಿದರು. ಟಿಕೆಟ್ ಮೇಲೆ ಫುಟ್‌ಬಾಲ್ ಆಟಗಾರರ ಚಿತ್ರಗಳಿದ್ದವು. ಅರ್ಧ ಜನಕ್ಕೆ ಬೇಕಾದ ಟಿಕೆಟ್ ಆರಿಸಿಕೊಳ್ಳಿ ಅಂದರು. ಉಳಿದವರಿಗೆ ಮಾರುವವರೇ ಒಂದನ್ನು ಎತ್ತಿ ಕೊಟ್ಟರು. ಡ್ರಾ ಆಗುವ ಮುಂಚೆ ಎಲ್ಲರನ್ನೂ ಕೇಳಿದರು: ಈ ಟಿಕೆಟ್ ವಾಪಸ್ ಕೊಡುತ್ತೀರಾ, ಎಷ್ಟಕ್ಕೆ? ಕೊಟ್ಟಿದ್ದನ್ನು ತೆಗೆದುಕೊಂಡವರು ಸರಾಸರಿ 1.96 ಡಾಲರ್ ಕೇಳಿದರು. ತಾವೇ ಆರಿಸಿದವರು 8.67 ಡಾಲರ್ ಕೇಳಿದರು. ಡ್ರಾ ಡಬ್ಬಿಯೊಳಗೆ ಎರಡಕ್ಕೂ ಇರುವ ಅವಕಾಶ ಒಂದೇ. ಬೆರಳಿಟ್ಟು "ಇದು" ಅಂದಿದ್ದಕ್ಕೆ ಮಾತ್ರ ನಾಲ್ಕು ಪಟ್ಟು ಬೆಲೆ.

ಕಾಸರಗೋಡಿನ ಕಡೆ ಲಾಟರಿ ಅಂಗಡಿ ಮುಂದೆ ಐದು ನಿಮಿಷ ನಿಂತವರಿಗೆ ಇದು ಹೊಸ ಸಂಗತಿಯಲ್ಲ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಿತು. ಗಡಿ ದಾಟಿ ಹೋದವರು ಇವತ್ತಿಗೂ ತರುತ್ತಾರೆ. ಕಟ್ಟು ಬಿಡಿಸಿ, ಕೊನೆಯ ಅಂಕಿ ನೋಡಿ, ಎಲ್ಲ ಕೂಡಿಸಿದರೆ ಒಂಬತ್ತು ಬರುತ್ತಾ ಅಂತ ಎಣಿಸಿ, "ಇದು ಬೇಡ, ಕೆಳಗಿನದು ಕೊಡಿ" ಅನ್ನುತ್ತಾರೆ. ಮಾರುವವನು ಬೇಜಾರು ಮಾಡಿಕೊಳ್ಳದೆ ಕಟ್ಟು ಮುಂದೆ ಹಿಡಿದು ನಿಂತಿರುತ್ತಾನೆ. ಆರಿಸಲು ಬಿಟ್ಟರೆ ಇನ್ನೊಂದು ಜಾಸ್ತಿ ಹೋಗುತ್ತದೆ ಅಂತ ಅವನಿಗೆ ನಾವು ಮನೋವಿಜ್ಞಾನದವರು ಹೇಳಿಕೊಡಬೇಕಾಗಿಲ್ಲ.

ಲ್ಯಾಂಗರ್ ಇದಕ್ಕೆ ಕೊಟ್ಟ ಹೆಸರನ್ನು ಕನ್ನಡದಲ್ಲಿ "ಹಿಡಿತದ ಭ್ರಮೆ" ಅನ್ನಬಹುದು. ಭ್ರಮೆ ಅಂದ ತಕ್ಷಣ ಕಾಯಿಲೆ ಅಂದುಕೊಳ್ಳಬೇಡಿ. ಎಲ್ಲರಲ್ಲೂ ಇರುತ್ತದೆ, ನನ್ನಲ್ಲೂ ಇದೆ. ಇದು ಬರುವ ದಾರಿ ಹೀಗೆ. ನಿಜವಾದ ಕೈಚಳಕ ಬೇಕಾದ ಕೆಲಸಗಳಲ್ಲಿ ನಾವು ಆರಿಸುತ್ತೇವೆ, ಅಭ್ಯಾಸ ಮಾಡುತ್ತೇವೆ, ಎದುರಾಳಿಯನ್ನು ಅಳೆಯುತ್ತೇವೆ, ಪಳಗುತ್ತೇವೆ. ಕೇರಂ ಆಡುವವನು, ದೋಸೆ ಹುಯ್ಯುವವನು, ನೇಗಿಲು ಹಿಡಿಯುವವನು ಎಲ್ಲರೂ ಇದನ್ನೇ ಮಾಡುವುದು. ಇದೇ ಲಕ್ಷಣಗಳನ್ನು ಬರೀ ಅದೃಷ್ಟದ ಆಟಕ್ಕೆ ಅಂಟಿಸಿಬಿಟ್ಟರೆ ಮನಸ್ಸಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇಲ್ಲಿಯೂ ಪಳಗಬಹುದು ಅಂದುಕೊಳ್ಳುತ್ತದೆ.

ನನ್ನಜ್ಜಿ ಚೌಕಾಬಾರ ಆಡುವಾಗ ಇದನ್ನು ದಿನಾ ನೋಡುತ್ತಿದ್ದೆ. ಎಂಟು ಬೀಳಬೇಕಾದಾಗ ನಾಲ್ಕೂ ಕವಡೆಯನ್ನು ಅಂಗೈಯಲ್ಲಿ ತುಂಬಾ ಹೊತ್ತು ಗಲಗಲ ಅನ್ನಿಸಿ, ಉಫ್ ಅಂತ ಊದಿ, ಜೋರಾಗಿ ಎಸೆಯುತ್ತಿದ್ದರು. ಒಂದು ಬಿದ್ದರೆ ಸಾಕು ಅನ್ನುವಾಗ ಮೆಲ್ಲಗೆ ನೆಲಕ್ಕೆ ಉದುರಿಸುತ್ತಿದ್ದರು. ಆಮೇಲೆ ಎಷ್ಟೋ ವರ್ಷಕ್ಕೆ ಜೇಮ್ಸ್ ಹೆನ್‌ಸ್ಲಿನ್ ಅನ್ನುವ ಸಮಾಜವಿಜ್ಞಾನಿ 1967ರಲ್ಲಿ ಬರೆದ ಲೇಖನ ಓದಿ ನಗು ಬಂತು. ಅಮೆರಿಕದ ಸೇಂಟ್ ಲೂಯಿಸ್‌ನ ಟ್ಯಾಕ್ಸಿ ಡ್ರೈವರ್‌ಗಳು ದಾಳ ಆಡುವುದನ್ನು ಅವರು ಕೂತು ನೋಡಿದ್ದರು. ಚಿಕ್ಕ ಸಂಖ್ಯೆ ಬೇಕಾದರೆ ಮೆಲ್ಲಗೆ, ದೊಡ್ಡದು ಬೇಕಾದರೆ ಜೋರಾಗಿ. ನಮ್ಮಜ್ಜಿಗೆ ಸೇಂಟ್ ಲೂಯಿಸ್ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ.

ಈಗ ಮೇಷ್ಟ್ರ ಫೋನಿಗೆ ಬರೋಣ. ಆಪ್ಷನ್ ಅಂದರೆ, ಒಂದು ಗಡುವಿನೊಳಗೆ ಬೆಲೆ ಏರುತ್ತದೋ ಇಳಿಯುತ್ತದೋ ಅನ್ನುವುದರ ಮೇಲೆ ದುಡ್ಡು ಹಾಕುವುದು. ಯಾವ ಸ್ಟ್ರೈಕ್ (ಯಾವ ಬೆಲೆಯ ಮಟ್ಟ), ಕಾಲ್ (ಏರುತ್ತದೆ ಅಂತ) ಅಥವಾ ಪುಟ್ (ಇಳಿಯುತ್ತದೆ ಅಂತ), ಎಷ್ಟು ಲಾಟ್ (ಕಟ್ಟು), ಎಷ್ಟು ಗಂಟೆಗೆ, ಎಲ್ಲಿ ಸ್ಟಾಪ್‌ಲಾಸ್ (ನಷ್ಟ ಇಷ್ಟಾದರೆ ಹೊರಬರುವ ಮಟ್ಟ)? ಎಲ್ಲ ಅವರೇ ಆರಿಸುವುದು. ಚಾರ್ಟ್ ಮೇಲೆ ಗೆರೆ ಎಳೆಯುತ್ತಾರೆ. ಇಂಡಿಕೇಟರ್ ಹಾಕುತ್ತಾರೆ. ರಾತ್ರಿ ಕೂತು ವಿಡಿಯೋ ನೋಡಿ ಕಲಿಯುತ್ತಾರೆ. ಲಾಟರಿ ಟಿಕೆಟ್‌ನಲ್ಲಿ ಒಂದು ಸಲ ಬೆರಳಿಡುವುದು; ಇಲ್ಲಿ ದಿನಕ್ಕೆ ಐವತ್ತು ಸಲ. ಕಷ್ಟಪಟ್ಟಿದ್ದೇನೆ, ಓದಿದ್ದೇನೆ, ಆದ್ದರಿಂದ ಹಿಡಿತ ಇದೆ ಅನ್ನಿಸುವುದು ಸಹಜ. ಓದಿದವರಿಗೆ ಇನ್ನೂ ಸಹಜ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಷೇರುಪೇಟೆ ಬರೀ ಕವಡೆಯಲ್ಲ. ಅಲ್ಲಿ ತಿಳಿವಳಿಕೆಗೆ ಜಾಗ ಇದೆ, ಅದಕ್ಕೇ ಇದು ಲಾಟರಿಗಿಂತ ಜಾಸ್ತಿ ಅಪಾಯ. "ಎಲ್ಲ ಅದೃಷ್ಟ" ಅಂತ ನೀವು ಹೇಳಿದರೆ ಅವರು ಹತ್ತು ಉದಾಹರಣೆ ಕೊಟ್ಟು ನಿಮ್ಮ ಬಾಯಿ ಮುಚ್ಚಿಸುತ್ತಾರೆ. ಅದರ ಬದಲು ಆ ತಿಳಿವಳಿಕೆ ಯಾರ ಹತ್ತಿರ ಇದೆ ಅಂತ ಕೇಳಬೇಕು. 2024ರಲ್ಲಿ, ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ ಒಂದು ಅಧ್ಯಯನ ಹೊರತಂದಿತು. 2021-22ರಿಂದ 2023-24ರ ತನಕದ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಇದೂ ಗಡುವಿನ ವ್ಯವಹಾರವೇ) ಮತ್ತು ಆಪ್ಷನ್ಸ್‌ನಲ್ಲಿ ಕೈಹಾಕಿದ ಸಾಮಾನ್ಯ ಜನ 1 ಕೋಟಿಗಿಂತ ಜಾಸ್ತಿ. ಅವರಲ್ಲಿ 93 ಶೇಕಡಾ ಜನಕ್ಕೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು, ತಲಾ ಸುಮಾರು 2 ಲಕ್ಷ. ಖರ್ಚೆಲ್ಲ ಕಳೆದು 1 ಲಕ್ಷಕ್ಕಿಂತ ಜಾಸ್ತಿ ಲಾಭ ಮಾಡಿದವರು ನೂರಕ್ಕೆ ಒಬ್ಬರು. ಗೆದ್ದವರು ದೊಡ್ಡ ಸಂಸ್ಥೆಗಳು, ವಿದೇಶಿ ಹೂಡಿಕೆದಾರರು. ಅವರ ಲಾಭದ ಬಹುಪಾಲು ಬಂದಿದ್ದು ಕಂಪ್ಯೂಟರ್ ತಾನೇ ನಡೆಸುವ ವ್ಯವಹಾರದಿಂದ. ಕೌಶಲ ಇದೆ ಸ್ವಾಮಿ, ಆದರೆ ಅದು ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಕೂತು ಒತ್ತುವ ಹೆಬ್ಬೆರಳಿನಲ್ಲಿ ಇಲ್ಲ.

ವೃತ್ತಿಯವರಿಗೂ ಈ ಭ್ರಮೆ ತಪ್ಪಿದ್ದಲ್ಲ. ಲಂಡನ್ನಿನ ನಾಲ್ಕು ಬ್ಯಾಂಕುಗಳ 107 ಟ್ರೇಡರ್‌ಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಪರೀಕ್ಷೆ ಮಾಡಿದ್ದರು. ಪರದೆ ಮೇಲೆ ಒಂದು ಸೂಚ್ಯಂಕ ಏರಿಳಿಯುತ್ತದೆ. ಮೂರು ಕೀ ಕೊಟ್ಟು, ಒತ್ತಿದರೆ ಪರಿಣಾಮ ಆಗಬಹುದು ಅಂದಿದ್ದರು. ನಿಜವಾಗಿ ಏನೂ ಆಗುತ್ತಿರಲಿಲ್ಲ. ತಾವು ಕೀ ಒತ್ತಿದ್ದರಿಂದಲೇ ಸೂಚ್ಯಂಕ ಏರುತ್ತಿದೆ ಅಂತ ಜಾಸ್ತಿ ನಂಬಿದವರು ತಮ್ಮ ನಿಜವಾದ ಕೆಲಸದಲ್ಲಿ ಕಡಿಮೆ ಸಂಪಾದಿಸುತ್ತಿದ್ದರು. ಮೇಲಧಿಕಾರಿಗಳು ಕೊಟ್ಟ ಅಂಕಗಳೂ ಕಡಿಮೆಯೇ. ಇದು 2003ರಲ್ಲಿ ಪ್ರಕಟವಾಯಿತು. ನಿಮ್ಮ ಯಜಮಾನರಿಗೆ ಯಾವುದಾದರೂ ಒಂದು ಸಂಶೋಧನೆ ಬಗ್ಗೆ ಹೇಳಬೇಕಾದರೆ ಇದನ್ನೇ ಹೇಳಿ. ಮೇಷ್ಟ್ರುಗಳಿಗೆ ಬೇರೆಯವರ ಪರೀಕ್ಷೆಯ ಫಲಿತಾಂಶ ಕೇಳುವುದು ಇಷ್ಟ.

ಆ ಮೊದಲ 40 ಸಾವಿರದ ಬಗ್ಗೆ ಹೇಳಲೇಬೇಕು. ನನ್ನ ಪ್ರಕಾರ ನಿಮ್ಮ ಮನೆಗೆ ಕಷ್ಟ ಬಂದಿದ್ದು 3 ಲಕ್ಷ ಹೋದಾಗ ಅಲ್ಲ, 40 ಸಾವಿರ ಬಂದಾಗ. ಲ್ಯಾಂಗರ್ ಅವರೇ ಜೇನ್ ರಾತ್ ಜೊತೆ ಸೇರಿ ಇನ್ನೊಂದು ಪ್ರಯೋಗ ಮಾಡಿದ್ದರು. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 30 ಸಲ ನಾಣ್ಯ ಚಿಮ್ಮುವುದನ್ನು ಊಹಿಸಬೇಕು. ಸರಿ ಉತ್ತರಗಳ ಒಟ್ಟು ಮೊತ್ತ ಎಲ್ಲರಿಗೂ ಒಂದೇ ಬರುವ ಹಾಗೆ ಗುಟ್ಟಾಗಿ ಹೊಂದಿಸಿದ್ದರು. ವ್ಯತ್ಯಾಸ ಇಷ್ಟೇ: ಕೆಲವರಿಗೆ ಗೆಲುವು ಮೊದಲಲ್ಲೇ ಬಂತು, ಕೆಲವರಿಗೆ ಕೊನೆಯಲ್ಲಿ, ಇನ್ನು ಕೆಲವರಿಗೆ ಅಲ್ಲಲ್ಲಿ. ಮೊದಲೇ ಗೆದ್ದವರು ತಮಗೆ ಊಹಿಸುವ ಶಕ್ತಿ ಇದೆ ಅಂದುಕೊಂಡರು. ಮುಂದೆಯೂ ಗೆಲ್ಲುತ್ತೇವೆ ಅಂದರು. ಅಭ್ಯಾಸ ಮಾಡಿದರೆ ಇನ್ನೂ ಚೆನ್ನಾಗಿ ಊಹಿಸಬಹುದು ಅಂದವರು ಒಟ್ಟು ವಿದ್ಯಾರ್ಥಿಗಳಲ್ಲಿ 40 ಶೇಕಡಾ. ನಾಣ್ಯ ಚಿಮ್ಮುವುದನ್ನು! ಅದೂ ಯೇಲ್‌ನಲ್ಲಿ ಓದುವವರು.

ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕ ಕೊಡುತ್ತೇನೆ. 1 ಕೋಟಿ ಜನ ಸುಮ್ನೆ ನಾಣ್ಯ ಚಿಮ್ಮಿ ಊಹಿಸುತ್ತಾರೆ ಅಂದುಕೊಳ್ಳಿ. ಸತತವಾಗಿ ಆರು ಸಲ ಸರಿಯಾಗಿ ಹೇಳುವವರು 64ಕ್ಕೆ ಒಬ್ಬರು. ಅಂದರೆ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನ. ಅಷ್ಟೂ ಜನಕ್ಕೆ ಆ ಹೊತ್ತಿನಲ್ಲಿ "ನಾಡಿ ಸಿಕ್ಕಿತು" ಅನ್ನಿಸುತ್ತದೆ. ಕೆಲವರು ಚಾನೆಲ್ ಶುರು ಮಾಡುತ್ತಾರೆ. ಉಳಿದ 98 ಲಕ್ಷ ಜನ ವಿಡಿಯೋ ಮಾಡುವುದಿಲ್ಲ. ನಿಮ್ಮ ಯಜಮಾನರು ರಾತ್ರಿ ನೋಡುತ್ತಿರುವುದು ಯಾರನ್ನು, ಈಗ ಗೊತ್ತಾಯಿತಲ್ಲ?

"ಸ್ವಲ್ಪದರಲ್ಲಿ ತಪ್ಪುತ್ತಿದೆ" ಅನ್ನುವ ಮಾತು ಇನ್ನೊಂದು ಬಲೆ. 2009ರಲ್ಲಿ ಕೇಂಬ್ರಿಡ್ಜ್‌ನ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಯವರು ಚಿತ್ರಗಳು ಹೊಂದಿದರೆ ಗೆಲ್ಲುವ, ಜೂಜಿನ ಯಂತ್ರದಂಥ ಒಂದು ಆಟ ಆಡಿಸಿ ಮೆದುಳಿನ ಸ್ಕ್ಯಾನ್ ತೆಗೆದರು. ಒಂದೇ ಒಂದು ಮನೆ ಆಚೀಚೆ ಆಗಿ ಸೋತಾಗ, ಗೆದ್ದಾಗ ಕೆಲಸ ಮಾಡುವ ಮೆದುಳಿನ ಭಾಗಗಳೇ ಅಲ್ಲೂ ಕೆಲಸ ಮಾಡಿದವು. ಇನ್ನೂ ಆಡೋಣ ಅನ್ನುವ ಆಸೆ ಹೆಚ್ಚಾಯಿತು. ಆದರೆ ಗಮನಿಸಿ: ಆಸೆ ಹೆಚ್ಚಾಗಿದ್ದು ಚಿತ್ರವನ್ನು ತಾವೇ ಆರಿಸಿಕೊಂಡಾಗ ಮಾತ್ರ. ಕಂಪ್ಯೂಟರ್ ಆರಿಸಿಕೊಟ್ಟಾಗ ಇಲ್ಲ. ಕೇರಂನಲ್ಲಿ ಕಾಯಿ ತೂತಿನ ಅಂಚಿಗೆ ಬಡಿದು ನಿಂತರೆ ಮುಂದಿನ ಸಲಕ್ಕೆ ಪಾಠ ಸಿಗುತ್ತದೆ. ಎಕ್ಸ್‌ಪೈರಿ ದಿನ (ಆಪ್ಷನ್ ಗಡುವು ಮುಗಿಯುವ ದಿನ) ಹತ್ತು ನಿಮಿಷದಲ್ಲಿ ತಪ್ಪಿದ ಲಾಭದಿಂದ ಯಾವ ಪಾಠವೂ ಸಿಗುವುದಿಲ್ಲ. ಸಿಕ್ಕಿದ ಹಾಗೆ ಅನ್ನಿಸುತ್ತದೆ ಅಷ್ಟೇ.

ಈಗ ಗಣಪತಿ ಫೋಟೋ. ಅದರ ಜೊತೆ ಜಗಳಕ್ಕೆ ಹೋಗಬೇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಮಲಿನೋವ್‌ಸ್ಕಿ ಅನ್ನುವ ಮಾನವಶಾಸ್ತ್ರಜ್ಞ ಪೆಸಿಫಿಕ್‌ನ ಟ್ರೋಬ್ರಿಯಂಡ್ ದ್ವೀಪಗಳಲ್ಲಿದ್ದರು. ಅಲ್ಲಿನವರು ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರತಂತ್ರ ಮಾಡುತ್ತಿರಲಿಲ್ಲ. ಅಲ್ಲಿ ಅಪಾಯವಿಲ್ಲ, ಮೀನು ಖಚಿತ. ತೆರೆದ ಕಡಲಿಗೆ ಹೊರಟರೆ ಮಾತ್ರ ಎಲ್ಲ ಶಾಸ್ತ್ರವೂ ನಡೆಯುತ್ತಿತ್ತು. ನಮ್ಮಲ್ಲೂ ಹಾಗೇ ಅಲ್ವಾ? ಹೊಸ ಲಾರಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ಹೊಲಿಗೆ ಯಂತ್ರದ ಕೆಳಗೆ ಯಾರೂ ಇಡುವುದಿಲ್ಲ. ಇಂಗ್ಲೆಂಡಿನ ಅಂಪೈರ್ ಡೇವಿಡ್ ಶೆಫರ್ಡ್ ಅಲ್ಲಿನ ಕ್ರಿಕೆಟ್‌ನವರು ಅಶುಭ ಅನ್ನುವ 111ಕ್ಕೆ ಸ್ಕೋರ್ ಬಂದಾಗ ಒಂಟಿ ಕಾಲಿನಲ್ಲಿ ಕುಣಿಯುತ್ತಿದ್ದರು. ಅದರಿಂದ ಅವರ ತೀರ್ಪು ಕೆಡಲಿಲ್ಲ. ಕೈಮುಗಿದರೆ ಮನಸ್ಸಿಗೆ ನೆಮ್ಮದಿ ಅಂದರೆ ಮುಗಿಯಲಿ. ನೀವು ನೋಡಬೇಕಾದ್ದು ಬೇರೆ. ಕೈಮುಗಿದ ದಿನ ಲಾಟ್ ಜಾಸ್ತಿ ಆಗುತ್ತಾ? "ಇವತ್ತು ಶಕುನ ಚೆನ್ನಾಗಿದೆ" ಅಂತ ಎರಡು ಪಟ್ಟು ಹಾಕುತ್ತಾರಾ? ಹಾಗಿದ್ದರೆ ಅದು ಭಕ್ತಿಯ ವಿಷಯವಾಗಿ ಉಳಿದಿಲ್ಲ.

ಇನ್ನು ಖಾಲಿ ಬಿಂದಿಗೆ. ನಮ್ಮ ಮಾತಿನಲ್ಲಿ ಎರಡು ಪದಗಳಿವೆ, ಕೈಗುಣ ಮತ್ತು ಕಾಲ್ಗುಣ. ನಾನು ಗಮನಿಸಿದ ಹಾಗೆ, ಕೈಗುಣವನ್ನು ಜನ ಹೆಚ್ಚಾಗಿ ಹೊಗಳಿಕೆಗೆ ಬಳಸುತ್ತಾರೆ: ಡಾಕ್ಟರ ಕೈಗುಣ, ಅಡುಗೆಯವರ ಕೈಗುಣ. ಕಾಲ್ಗುಣ ಮಾತ್ರ ಮನೆಗೆ ಬಂದ ಹೆಣ್ಣಿನ ತಲೆಗೇ ಬರುತ್ತದೆ. ಹಿಡಿತದ ಭ್ರಮೆಯ ಇನ್ನೊಂದು ಮುಖ ಇದು. ಎಲ್ಲದಕ್ಕೂ ಯಾರೋ ಕಾರಣ ಇರಲೇಬೇಕು ಅಂದಮೇಲೆ ಸೋಲಿಗೂ ಒಬ್ಬರು ಬೇಕು. ನಾಣ್ಯದ ಪ್ರಯೋಗದ ಆ ಲೇಖನದ ಶೀರ್ಷಿಕೆಯ ಅರ್ಥವೂ ಹೆಚ್ಚು ಕಡಿಮೆ ಇದೇ: ಗೆದ್ದರೆ ನಾನು, ಸೋತರೆ ಅದೃಷ್ಟ. ನಿಮ್ಮ ಮನೆಯಲ್ಲಿ ಅದೃಷ್ಟದ ಜಾಗಕ್ಕೆ ನಿಮ್ಮನ್ನು ತಂದು ನಿಲ್ಲಿಸಿದ್ದಾರೆ. ಅಡುಗೆಮನೆಯಲ್ಲಿ ಕೂತಾಗ ಸಿಕ್ಸರ್ ನಿಮ್ಮಿಂದ ಬಂತು ಅಂತ ನೀವು ನಕ್ಕು ಒಪ್ಪಿಕೊಂಡಿರಿ. ಅದೇ ಬಾಗಿಲಿನಿಂದ 3 ಲಕ್ಷದ ನಷ್ಟವೂ ಒಳಗೆ ಬಂತು. ಅದಕ್ಕೇ ಮೊದಲು ಹಾಲ್‌ಗೆ ಬನ್ನಿ ಅಂದಿದ್ದು. "ಬಿಂದಿಗೆ ಖಾಲಿ ಇತ್ತು, ಆರ್ಡರ್ ಹಾಕಿದ್ದು ನೀವು" ಅಂತ ಒಂದು ಸಲ ಶಾಂತವಾಗಿ ಹೇಳಿ. ಮತ್ತೆ ಆ ಚರ್ಚೆ ಬೆಳೆಸಬೇಡಿ.

ಮೂಢನಂಬಿಕೆಯಾ ಚಟವಾ ಅಂತ ಕೇಳಿದಿರಿ. ನಂಬಿಕೆಯಾಗಿ ಶುರುವಾಗಿದೆ. ಚಟದ ಕಡೆ ತಿರುಗಿದೆಯಾ ಅನ್ನುವುದಕ್ಕೆ ಕೆಲವು ಗುರುತುಗಳಿವೆ. ಹೋದ ದುಡ್ಡನ್ನು ವಾಪಸ್ ತರಲೆಂದೇ ಮಾರನೇ ದಿನ ಕೂರುವುದು. ನಷ್ಟ ಮುಚ್ಚಿಡುವುದು. ಸೊಸೈಟಿ ಸಾಲ, ಆಪ್ ಸಾಲ, ಗೊತ್ತಿಲ್ಲದೆ ಅಡವಿಟ್ಟ ಬಳೆ. ಬಿಡಬೇಕು ಅಂತ ಹೊರಟು ಬಿಡಲಾಗದೆ ಸಿಡುಕುವುದು. ಸೆಬಿ ಅಧ್ಯಯನದಲ್ಲೇ ನಷ್ಟ ಕಂಡವರಲ್ಲಿ ನಾಲ್ಕರಲ್ಲಿ ಮೂವರಿಗಿಂತ ಹೆಚ್ಚು ಜನ ಮುಂದುವರಿಸಿದ್ದಾರೆ. ಇದು ಹೊಸ ರೋಗವೂ ಅಲ್ಲ. ಧರ್ಮರಾಯ ಎಲ್ಲ ಸೋತು, ಎಲ್ಲ ವಾಪಸ್ ಸಿಕ್ಕಿ, ಊರ ದಾರಿ ಹಿಡಿದ ಮೇಲೂ ಮತ್ತೆ ಕರೆದಾಗ ಹೋಗಿ ಕೂತ. ಧರ್ಮ ಬಲ್ಲವನಿಗೇ ಹಾಗಾಯಿತು. ಗಣಿತ ಬಲ್ಲವರನ್ನು ಜಾಸ್ತಿ ಬೈಯಬೇಡಿ.

ಮಾಡಬೇಕಾದ್ದು ಏನು? ವಾದ ಬೇಡ. ಫೋನ್ ಬಚ್ಚಿಡುವುದೂ ಬೇಡ. ಒಂದು ನೋಟ್‌ಬುಕ್ ತಂದು ಕೊಡಿ. ಮುಂದಿನ 30 ಟ್ರೇಡ್‌ಗೆ ಒಂದು ನಿಯಮ: ಆರ್ಡರ್ ಹಾಕುವ ಮುಂಚೆ ಬರೆಯಬೇಕು. ಮೇಲಾ ಕೆಳಗಾ, ಯಾಕೆ, ಹತ್ತರಲ್ಲಿ ಎಷ್ಟು ಖಾತ್ರಿ. ಒಂದೇ ಲಾಟ್, ಅದಕ್ಕಿಂತ ಜಾಸ್ತಿ ಇಲ್ಲ. ಅದೇ ಹೊತ್ತಿಗೆ ಮನೆಯಲ್ಲಿ ಯಾರಾದರೂ ಒಂದು ನಾಣ್ಯ ಚಿಮ್ಮಿ ಪಕ್ಕದ ಕಾಲಂನಲ್ಲಿ ಮೇಲೆ ಅಥವಾ ಕೆಳಗೆ ಅಂತ ಬರೆಯಲಿ. ಸಂಜೆ ಎರಡರ ಫಲಿತಾಂಶವನ್ನೂ ತುಂಬಿ. ಅವರ ಕಾಲಂನಲ್ಲಿ ಬ್ರೋಕರೇಜ್, ತೆರಿಗೆ ಎಲ್ಲ ಕಳೆದ ಮೊತ್ತ ಇರಲಿ. ಆಪ್ ಪರದೆಯ ಹಸಿರು ಅಂಕಿ ಬೇಡ, ಬ್ರೋಕರ್ ಕಳಿಸುವ ಸ್ಟೇಟ್‌ಮೆಂಟ್ ನೋಡಿ. 30 ಸಲ ಕಡಿಮೆ ಆಯಿತು, ಇದರಿಂದ ಏನೂ ಸಾಬೀತಾಗುವುದಿಲ್ಲ ಅಂತ ಮೇಷ್ಟ್ರು ಅನ್ನಬಹುದು. ಅದು ಸರಿಯಾದ ಮಾತೇ. ಹಾಗಾದರೆ ಮೊದಲ ಎರಡು ತಿಂಗಳ ಗೆಲುವಿನಿಂದ ಏನು ಸಾಬೀತಾಯಿತು ಅಂತ ಅವತ್ತೇ ಕೇಳಿ.

ಮೊದಲೇ ಬರೆಯುವುದು ಯಾಕೆ ಅಂದರೆ, ಆದ ಮೇಲೆ ನಾವೆಲ್ಲರೂ ಜಾಣರು. "ಬೀಳುತ್ತೆ ಅಂತ ಗೊತ್ತಿತ್ತು" ಅನ್ನುವುದಕ್ಕೆ ಪುಸ್ತಕದಲ್ಲಿ ಜಾಗ ಇರಬಾರದು.

ಇನ್ನೊಂದು ವಿಚಿತ್ರ ಗಮನಿಸಿ. 2011ರಲ್ಲಿ ಫ್ರಾನ್ಸೆಸ್ಕಾ ಜಿನೋ ಮತ್ತು ಜೊತೆಯವರು ಪ್ರಕಟಿಸಿದ ಪ್ರಯೋಗಗಳಲ್ಲಿ ಹಿಡಿತ ಇಲ್ಲದ ಕಡೆ ಜನ ಇದೆ ಅಂದುಕೊಂಡರು. ನಿಜವಾಗಿ ಇದ್ದ ಕಡೆ ಕಡಿಮೆ ಇದೆ ಅಂದುಕೊಂಡರು. ನಿಮ್ಮ ಯಜಮಾನರಿಗೆ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಎತ್ತ ಹೋಗುತ್ತದೆ ಅನ್ನುವುದು ಕೈಯಲ್ಲಿದೆ ಅನ್ನಿಸುತ್ತದೆ. ಎಷ್ಟು ದುಡ್ಡು ಹಾಕಬೇಕು, ಎಷ್ಟು ಗಂಟೆಗೆ ಆಪ್ ಮುಚ್ಚಬೇಕು ಅನ್ನುವುದು ಕೈಯಲ್ಲಿಲ್ಲ ಅನ್ನಿಸುತ್ತದೆ. ಮಾತಾಡುವುದಾದರೆ ಎರಡನೆಯದರ ಬಗ್ಗೆ ಮಾತಾಡಿ. ವರ್ಷಕ್ಕೆ ಇಷ್ಟು ಹೋದರೆ ನಿಲ್ಲಿಸುತ್ತೇನೆ ಅಂತ ಒಂದು ಮೊತ್ತ ಅವರ ಕೈಯಿಂದಲೇ ಬರೆಸಿ. ಮಕ್ಕಳ ಓದಿನ ದುಡ್ಡು, ಎಫ್‌ಡಿ ಇಬ್ಬರ ಸಹಿ ಇಲ್ಲದೆ ತೆಗೆಯಲಾಗದ ಖಾತೆಗೆ ಹೋಗಲಿ. ಇದನ್ನು ಈ ವಾರವೇ ಮಾಡಿ, ನೋಟ್‌ಬುಕ್‌ಗೆ ಕಾಯಬೇಡಿ.

ನೋಟ್‌ಬುಕ್ ಕೊಟ್ಟಾಗ ಸಿಟ್ಟು ಬಂದರೆ, ಸ್ಟೇಟ್‌ಮೆಂಟ್ ತೆರೆಯಲೇ ಒಪ್ಪದಿದ್ದರೆ, ಸಾಲದ ಗುಟ್ಟು ಏನಾದರೂ ಹೊರಬಿದ್ದರೆ ಮನೆಯ ಮಾತು ಸಾಕಾಗುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್‌ನೆಟ್ ಅತಿಯಾದವರಿಗೆಂದೇ 2014ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ. ತುಮಕೂರಿನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು. ಅವರು ಬರಲ್ಲ ಅಂದರೆ ಮೊದಲ ಸಲ ನೀವೊಬ್ಬರೇ ಫೋನ್ ಮಾಡಿ ಕೇಳಿ, ಅದಕ್ಕೂ ಅವಕಾಶ ಇದೆ.

30 ಟ್ರೇಡ್ ಮುಗಿದ ಮೇಲೆ ನನಗೆ ಬರೆಯಿರಿ. ಎರಡೂ ಕಾಲಂನ ಮೊತ್ತ ಕಳಿಸಿದರೆ ಸಾಕು.